ಜ್ವರ ಬಾರದ ನಂಜು



ಮಲೆನಾಡಿನ ಅಡಿಕೆ ತೋಟದ ಮನೆಯವರು. ಐವತ್ತು ದಾಟಿದ ಯಜಮಾನರು, ಅವರನ್ನು ಆಟೋದಿಂದ ಇಳಿಸಿ ತೋಳು ಹಿಡಿದು ನಡೆಸಿಕೊಂಡು ಬಂದ ಹೆಂಡತಿ. ಲಿವರ್ ಸಿರೋಸಿಸ್ ಎಂದು ಗೊತ್ತಾಗಿ ಎರಡು ವರ್ಷವಾಗಿತ್ತು, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಏನಾಯಿತಮ್ಮಾ ಎಂದು ಕೇಳಿದೆ. "ಜ್ವರ ಇಲ್ಲ, ವಾಂತಿ ಇಲ್ಲ, ಹೊಟ್ಟೆ ನೋವು ಅಂತಲೂ ಹೇಳಲಿಲ್ಲ. ಆದರೆ ನಿನ್ನೆ ರಾತ್ರಿ ಊಟಕ್ಕೆ ಕೂತವರು, ಸಾರಿಗೆ ಉಪ್ಪು ಹಾಕಲಿಲ್ಲವೇನೇ ಅಂತ ಮೂರು ಸಲ ಕೇಳಿದರು. ಎರಡು ವರ್ಷದಿಂದ ಇವರ ಪಾಲಿನ ಸಾರಿಗೆ ಉಪ್ಪು ಹಾಕುತ್ತಿಲ್ಲ ಡಾಕ್ಟರೇ. ಅದು ಇವರಿಗೆ ಗೊತ್ತಿಲ್ಲದ ಸಂಗತಿಯೇ?"

ಥರ್ಮಾಮೀಟರ್ ಇಟ್ಟು ನೋಡಿದರೆ 98.4. ಆದರೂ ಹೊಟ್ಟೆಯ ನೀರನ್ನು ಪರೀಕ್ಷೆಗೆ ತೆಗೆಯಲು ಸಿದ್ಧತೆ ಮಾಡಿ ಎಂದು ಸಿಸ್ಟರ್‌ಗೆ ಹೇಳಿದೆ. ಆ ತಾಯಿ ಗಾಬರಿಯಾದರು. ಜ್ವರವೇ ಇಲ್ಲದವರಿಗೆ ನಂಜು ಎಲ್ಲಿಂದ ಬರಬೇಕು ಎಂಬುದು ಅವರ ಪ್ರಶ್ನೆ. ಸಿರೋಸಿಸ್ ಆದವರಿಗೆ ಬ್ಯಾಕ್ಟೀರಿಯಾದ ಸೋಂಕು ತಗಲಿದಾಗ ಯಾವ ಆಂಟಿಬಯಾಟಿಕ್ ಕೊಡಬೇಕು, ಅದನ್ನು ಹೇಗೆ ಆರಿಸುತ್ತಾರೆ ಎಂಬುದು ಇವತ್ತಿನ ಮಾತು. ಅದಕ್ಕೆ ಈ ಪ್ರಶ್ನೆಯೇ ಬಾಗಿಲು.

ಲಿವರಿಗೆ ನಮ್ಮಲ್ಲಿ ಹೆಸರುಗಳಿಗೆ ಕೊರತೆಯಿಲ್ಲ. ಯಕೃತ್ತು ಎನ್ನುತ್ತೇವೆ, ಪಿತ್ತಜನಕಾಂಗ ಎನ್ನುತ್ತೇವೆ, ಹಳಬರು ಈಲಿ ಎನ್ನುತ್ತಿದ್ದರು. ಆಸ್ಪತ್ರೆಗೆ ಬರುವವರೆಲ್ಲ ಲಿವರ್ ಎಂದೇ ಹೇಳುವುದರಿಂದ ನಾನೂ ಹಾಗೆಯೇ ಹೇಳುತ್ತೇನೆ. ಒಂದೂವರೆ ಕಿಲೋ ತೂಗುವ ಈ ಅಂಗವನ್ನು ಊರಿನ ಕೆರೆ ಎಂದುಕೊಳ್ಳಿ. ಕರುಳಿನಿಂದ ಹೊರಟ ರಕ್ತವೆಲ್ಲ ಹಳ್ಳವಾಗಿ ಹರಿದು ಇಲ್ಲಿಗೇ ಬರುತ್ತದೆ. ಕರುಳೆಂದರೆ ಕೋಟ್ಯನುಕೋಟಿ ಬ್ಯಾಕ್ಟೀರಿಯಾಗಳ ಮನೆ. ಅಲ್ಲಿಂದ ನುಸುಳಿ ಬಂದ ಒಂದೆರಡನ್ನು ಹಿಡಿದು ನುಂಗುವ ಕಾವಲು ಜೀವಕೋಶಗಳು ಲಿವರಿನೊಳಗೆ ಸಾಲಾಗಿ ಕೂತಿರುತ್ತವೆ. ಹೀಗೆ ಸೋಸಿದ ರಕ್ತ ತೂಬಿನಿಂದ ಹೊರಗೆ ಬಿದ್ದು ಹೃದಯದ ಕಡೆ ಹೋಗುತ್ತದೆ.

ಸಿರೋಸಿಸ್‌ನಲ್ಲಿ ಈ ಕೆರೆಗೆ ಹೂಳು ತುಂಬುತ್ತದೆ. ಮದ್ಯಪಾನದಿಂದ ತುಂಬಬಹುದು, ಹೆಪಟೈಟಿಸ್ ಬಿ ಅಥವಾ ಸಿ ವೈರಸ್ಸಿನಿಂದ ತುಂಬಬಹುದು, ಸಕ್ಕರೆ ಕಾಯಿಲೆ ಬೊಜ್ಜುಗಳ ಜೊತೆ ಬರುವ ಕೊಬ್ಬಿನ ಲಿವರಿನಿಂದಲೂ ತುಂಬಬಹುದು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಸಿರೋಸಿಸ್ ಎಂದ ಕೂಡಲೇ ಕುಡುಕ ಎಂದು ತೀರ್ಮಾನಿಸುವುದು ತಪ್ಪು. ಆ ಮಾತಿಗೆ ಅಂಜಿ ಕಾಯಿಲೆಯನ್ನು ಮುಚ್ಚಿಟ್ಟುಕೊಂಡ, ಜೀವಮಾನದಲ್ಲಿ ಹನಿ ಹೆಂಡ ಮುಟ್ಟದ ಹೆಂಗಸರನ್ನು ನಾನು ನೋಡಿದ್ದೇನೆ. 1819ರಲ್ಲಿ ಈ ಕಾಯಿಲೆಗೆ ಸಿರೋಸಿಸ್ ಎಂದು ಹೆಸರಿಟ್ಟವರು ಫ್ರಾನ್ಸಿನ ರೆನೆ ಲೆನೆಕ್, ಸ್ಟೆತಾಸ್ಕೋಪ್ ಕಂಡುಹಿಡಿದ ವೈದ್ಯರೇ. ಕತ್ತರಿಸಿ ನೋಡಿದಾಗ ಲಿವರ್ ಕಂದು ಹಳದಿಯಾಗಿ ಕಂಡಿತು, ಗ್ರೀಕ್ ಭಾಷೆಯಲ್ಲಿ ಆ ಬಣ್ಣಕ್ಕಿದ್ದ ಹೆಸರನ್ನೇ ಇಟ್ಟರು. ಹೆಸರು ಬಣ್ಣದ್ದು, ನಡತೆಯದ್ದಲ್ಲ.

ಹೂಳು ತುಂಬಿದ ಕೆರೆ ಏನು ಮಾಡುತ್ತದೆ? ಕೋಡಿ ಬೀಳುತ್ತದೆ. ಕರುಳಿನ ರಕ್ತ ಲಿವರಿನೊಳಗೆ ಹೋಗಲಾರದೆ ಅಡ್ಡದಾರಿ ಹಿಡಿಯುತ್ತದೆ, ಅನ್ನನಾಳದ ಸುತ್ತಲಿನ ರಕ್ತನಾಳಗಳನ್ನು ಉಬ್ಬಿಸುತ್ತದೆ. ಸೋಸುವವರಿಲ್ಲದ ಆ ದಾರಿಯಲ್ಲಿ ಬ್ಯಾಕ್ಟೀರಿಯಾಗಳೂ ನೇರವಾಗಿ ಮೈಗೆ ಇಳಿಯುತ್ತವೆ. ಅತ್ತ ಹೊಟ್ಟೆಯಲ್ಲಿ ನೀರು ನಿಂತಿರುತ್ತದೆ, ಹಿರಿಯರು ಜಲೋದರ ಎನ್ನುತ್ತಿದ್ದರಲ್ಲ, ಅದೇ. ಆ ನೀರಿನಲ್ಲಿ ರೋಗಾಣುವನ್ನು ಎದುರಿಸುವ ಪ್ರೋಟೀನು ತೀರಾ ಕಡಿಮೆ. ನಿಂತ ನೀರಿಗೆ ಒಂದು ರೋಗಾಣು ಬಿದ್ದರೂ ಸಾಕು, ಕೇಳುವವರಿಲ್ಲ. ಕರುಳು ತೂತಾಗದೆ, ಗಾಯವಾಗದೆ, ತಾನಾಗಿಯೇ ಆ ನೀರು ನಂಜಾಗುತ್ತದೆ. ಅಮೆರಿಕದ ಹೆರಾಲ್ಡ್ ಕಾನ್ ಎಂಬ ವೈದ್ಯರು 1964ರಲ್ಲಿ ಇದನ್ನು ವಿವರವಾಗಿ ಬರೆದರು. ವೈದ್ಯರ ಬಾಯಲ್ಲಿ ಇದು ಎಸ್‌ಬಿಪಿ. ಮೂತ್ರದ ಸೋಂಕು, ನ್ಯುಮೋನಿಯಾ, ಕಾಲಿನ ಚರ್ಮದ ಸೋಂಕು ಕೂಡ ಇವರಿಗೆ ಬೇರೆಯವರಿಗಿಂತ ಬೇಗ ಬರುತ್ತವೆ. ಆದರೆ ನಾನು ಹೊಟ್ಟೆಯ ನೀರಿನ ನಂಜನ್ನೇ ಹಿಡಿದುಕೊಂಡು ಮಾತಾಡುತ್ತೇನೆ. ಅದನ್ನು ಅರ್ಥಮಾಡಿಕೊಂಡರೆ ಉಳಿದವೂ ಅರ್ಥವಾಗುತ್ತವೆ.

ಇನ್ನು ಜ್ವರ ಯಾಕೆ ಬರಲಿಲ್ಲ? ಸಿರೋಸಿಸ್ ಆದವರ ಮೈಗೆ ಕೂಗಿ ಹೇಳುವ ಶಕ್ತಿ ಉಳಿದಿರುವುದಿಲ್ಲ. ಸೋಂಕು ಬಂದರೆ ರಕ್ತದ ಬಿಳಿ ಕಣಗಳು ಏರಬೇಕು, ಆದರೆ ಊದಿಕೊಂಡ ಗುಲ್ಮ ಅವನ್ನು ಹಿಡಿದಿಟ್ಟುಕೊಂಡು ಲೆಕ್ಕವನ್ನು ಮೊದಲೇ ಇಳಿಸಿಬಿಟ್ಟಿರುತ್ತದೆ. ಮಾಮೂಲಿ ಮನುಷ್ಯನಿಗೆ ನಾಲ್ಕು ಸಾವಿರವೆಂದರೆ ನಾರ್ಮಲ್. ಎರಡು ಸಾವಿರವೇ ಇದ್ದವರಿಗೆ ಅದು ನಾಲ್ಕು ಸಾವಿರವಾದರೆ ಇಮ್ಮಡಿಯಾದಂತೆ, ರಿಪೋರ್ಟಿನಲ್ಲಿ ಮಾತ್ರ ನಾರ್ಮಲ್ ಎಂದೇ ಕಾಣುತ್ತದೆ. ಸಿಆರ್‌ಪಿ ಎಂಬ ಪರೀಕ್ಷೆ ಮಾಡಿಸಿರುತ್ತೀರಿ, ಆ ಪ್ರೋಟೀನನ್ನು ತಯಾರಿಸುವುದೇ ಲಿವರು. ಕೆಟ್ಟ ಲಿವರು ಅದನ್ನೂ ಸರಿಯಾಗಿ ತಯಾರಿಸುವುದಿಲ್ಲ. ಹಾಗಾಗಿ ಈ ನಂಜು ಬೇರೆ ವೇಷದಲ್ಲಿ ಬರುತ್ತದೆ. ಹಗಲೆಲ್ಲ ತೂಕಡಿಕೆ, ಕೈ ನಡುಕ, ಮಾತು ತಡವರಿಕೆ, ಮೂತ್ರ ಕಡಿಮೆಯಾಗುವುದು, ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುವುದು. ಇದನ್ನು ಮೊದಲು ಗುರುತಿಸುವವರು ಜೊತೆಯಲ್ಲಿ ಊಟ ಮಾಡುವವರು.

ಸೂಜಿ ಹಾಕುವ ಮೊದಲು ಆ ತಾಯಿ ಎರಡು ಮಾತು ಕೇಳಿದರು. ಇವೆರಡನ್ನೂ ಕೇಳದ ಮನೆಯವರನ್ನು ನಾನು ಕಂಡದ್ದು ಕಡಿಮೆ. ಒಂದು, ಹೊಟ್ಟೆಯ ನೀರು ತೆಗೆದರೆ ಆಯಸ್ಸು ಕಡಿಮೆಯಾಗುತ್ತದಂತೆ, ಹೌದೇ? ಇನ್ನೊಂದು, ಮೊದಲೇ ಲಿವರ್ ಕೆಟ್ಟಿದೆ, ಅದರ ಮೇಲೆ ಆಂಟಿಬಯಾಟಿಕ್ ಕೊಟ್ಟರೆ ತಡೆದುಕೊಳ್ಳುತ್ತದೆಯೇ?

ಈ ಎರಡನೆಯ ಪ್ರಶ್ನೆಗೆ ಉತ್ತರ ಹೇಳಬೇಕೆಂದೇ ನಾನು ಇವತ್ತು ಈ ಮೈಕಿನ ಮುಂದೆ ಕೂತಿದ್ದೇನೆ. ಲಿವರ್ ರೋಗಿಗೆ ಔಷಧ ಎಂದ ಕೂಡಲೇ ಎಲ್ಲರ ಭಯವೂ ಲಿವರಿನ ಮೇಲೆಯೇ ಹೋಗಿ ನಿಲ್ಲುತ್ತದೆ. ಆ ಭಯದಲ್ಲಿ ಮನೆಯವರು ತಡಮಾಡುತ್ತಾರೆ, ಕೆಲವೊಮ್ಮೆ ವೈದ್ಯರೂ ಅರ್ಧ ಡೋಸು ಬರೆದು ಕೈ ತೊಳೆದುಕೊಳ್ಳುತ್ತಾರೆ. ಆದರೆ ಈ ಹೊತ್ತಿನಲ್ಲಿ ಮೊದಲು ಹೆದರಬೇಕಾದದ್ದು ಗಡಿಯಾರಕ್ಕೆ. ಆಮೇಲೆ ರೋಗಾಣುವಿನ ಮೊಂಡುತನಕ್ಕೆ. ಆಮೇಲೆ ಕಿಡ್ನಿಗೆ. ಲಿವರಿನ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ.

ಗಡಿಯಾರದ ಮಾತು. ಸಿರೋಸಿಸ್ ಇದ್ದವರಿಗೆ ಸೋಂಕು ತಗಲಿತೆಂದರೆ ಸಾವಿನ ಅಪಾಯ ನಾಲ್ಕು ಪಟ್ಟು ಹೆಚ್ಚುತ್ತದೆ ಎಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ಒಂದು ಲೆಕ್ಕ ಹೇಳುತ್ತದೆ. ಒಂದು ತಿಂಗಳೊಳಗೆ ನೂರಕ್ಕೆ ಮೂವತ್ತು ಜನ ತೀರಿಕೊಳ್ಳುತ್ತಾರೆ. 2014ರಲ್ಲಿ ಅಮೆರಿಕದಿಂದ ಬಂದ ಅಧ್ಯಯನವೊಂದು ಇನ್ನೂ ಹತ್ತಿರದಿಂದ ನೋಡಿತು. ಆಸ್ಪತ್ರೆಗೆ ಬಂದ ಹನ್ನೆರಡು ಗಂಟೆಯ ಒಳಗೆ ಹೊಟ್ಟೆಯ ನೀರನ್ನು ಪರೀಕ್ಷೆಗೆ ತೆಗೆದವರಿಗಿಂತ ತಡವಾಗಿ ತೆಗೆದವರಲ್ಲಿ ಸಾವು ಹೆಚ್ಚು, ಒಂದೊಂದು ಗಂಟೆ ತಡವಾದಾಗಲೂ ನೂರಕ್ಕೆ ಮೂರರಷ್ಟು ಅಪಾಯ ಏರುತ್ತದೆ ಎಂದು ಕಂಡಿತು. ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ನೀರು ತೆಗೆದರೆ ಆಯಸ್ಸು ಕಡಿಮೆಯಾಗುವುದಿಲ್ಲ, ತೆಗೆಯಲು ತಡಮಾಡಿದರೆ ಆಗುತ್ತದೆ. ಪರೀಕ್ಷೆಗೆ ಬೇಕಾದದ್ದು ಒಂದು ಲೋಟದಷ್ಟೂ ಅಲ್ಲ. ರಕ್ತ ಹೆಪ್ಪುಗಟ್ಟುವುದು ನಿಧಾನವಾಗಿದ್ದರೂ ಗಂಭೀರ ತೊಂದರೆಯಾಗುವುದು ಸಾವಿರದಲ್ಲಿ ಒಬ್ಬರಿಗೂ ಇಲ್ಲ.

ಸೂಜಿ ಹೊಟ್ಟೆಯ ಎಡಗಡೆ ಕೆಳಗೆ ಇಳಿಯಿತು. ಸಿರಿಂಜಿಗೆ ಬಂದ ನೀರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಸ್ವಚ್ಛವಾಗಿದ್ದರೆ ತಿಳಿ ಹಳದಿಯಾಗಿ, ಆಚೆಗಿನ ಕಿಟಕಿ ಸರಳುಗಳು ನೆಟ್ಟಗೆ ಕಾಣಬೇಕು. ಇಲ್ಲಿ ಸರಳುಗಳು ಮಸುಕಾಗಿದ್ದವು, ಅಕ್ಕಿ ತೊಳೆದ ಎರಡನೇ ನೀರಿನ ಹಾಗೆ. ಹತ್ತು ಎಂಎಲ್ ನೀರನ್ನು ಅಲ್ಲೇ, ಮಂಚದ ಪಕ್ಕದಲ್ಲೇ, ರೋಗಾಣುವನ್ನು ಬೆಳೆಸಿ ನೋಡುವ ರಕ್ತದ ಕಲ್ಚರ್ ಬಾಟಲಿಗೆ ತುಂಬಿದೆವು. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ. ನೀರನ್ನು ಬರೀ ಬಾಟಲಿಯಲ್ಲಿ ಲ್ಯಾಬಿಗೆ ಕಳಿಸಿದರೆ ಅರ್ಧದಷ್ಟು ಜನರಲ್ಲಿ ರೋಗಾಣು ಸಿಗುವುದೇ ಇಲ್ಲ. ಪಕ್ಕದಲ್ಲೇ ಕಲ್ಚರ್ ಬಾಟಲಿಗೆ ಹಾಕಿದರೆ ನೂರರಲ್ಲಿ ಎಂಬತ್ತರ ಹತ್ತಿರ ಸಿಗುತ್ತದೆ. ಅಮೆರಿಕದ ಬ್ರೂಸ್ ರನ್ಯನ್ ಎಂಬ ವೈದ್ಯರು ಇದನ್ನು ತೋರಿಸಿಕೊಟ್ಟು ಮೂವತ್ತು ವರ್ಷ ದಾಟಿದೆ. ಯಾವ ಆಂಟಿಬಯಾಟಿಕ್ ಎಂಬ ಪ್ರಶ್ನೆಗೆ ಕೊನೆಯ ಉತ್ತರ ಕೊಡುವುದು ಆ ಬಾಟಲಿ. ಅದನ್ನು ತುಂಬುವ ಮೊದಲೇ ಇಂಜೆಕ್ಷನ್ ಚುಚ್ಚಿದರೆ ಸಾಕ್ಷಿಯನ್ನೇ ಅಳಿಸಿದ ಹಾಗೆ.

ಅರ್ಧ ತಾಸಿನಲ್ಲಿ ಲ್ಯಾಬಿನಿಂದ ಫೋನು ಬಂತು. ಹೊಟ್ಟೆಯ ನೀರಿನ ಒಂದು ಘನ ಮಿಲಿಮೀಟರಿಗೆ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು 250 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ನಂಜು. ಇವರಿಗೆ ಇದ್ದದ್ದು 1,100. ಇನ್ನು ಕಲ್ಚರ್ ರಿಪೋರ್ಟಿಗೆ ಕಾಯುವ ಹಾಗಿಲ್ಲ, ಅದಕ್ಕೆ ಎರಡು ದಿನ ಬೇಕು. ಈಗಲೇ, ಊಹೆಯ ಮೇಲೆಯೇ ಔಷಧ ಶುರುವಾಗಬೇಕು. ಆ ಊಹೆ ಎಷ್ಟು ಸರಿ ಎಂಬುದರ ಮೇಲೆ ಜೀವ ನಿಂತಿರುತ್ತದೆ.

ಹಿಂದೆ ಈ ಊಹೆ ಸುಲಭವಿತ್ತು. ಹೊಟ್ಟೆಯ ನೀರಿಗೆ ಬೀಳುವ ರೋಗಾಣುಗಳಲ್ಲಿ ಹೆಚ್ಚಿನವು ಕರುಳಿನವೇ: ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಕೆಲವು ಸ್ಟ್ರೆಪ್ಟೊಕಾಕಸ್. ಮೊದಮೊದಲು ಆಂಪಿಸಿಲಿನ್ ಜೊತೆಗೆ ಜೆಂಟಾಮೈಸಿನ್ ಇಲ್ಲವೇ ಟೋಬ್ರಾಮೈಸಿನ್ ಕೊಡುತ್ತಿದ್ದರು. 1985ರಲ್ಲಿ ಸ್ಪೇನಿನ ಬಾರ್ಸಿಲೋನಾದ ವೈದ್ಯರು ಆ ಜೋಡಿಯನ್ನು ಸೆಫೊಟ್ಯಾಕ್ಸಿಮ್ ಎಂಬ ಹೊಸ ಔಷಧದ ಎದುರು ನಿಲ್ಲಿಸಿ ನೋಡಿದರು. ಹಳೆಯ ಜೋಡಿಯಿಂದ ನೂರಕ್ಕೆ 56 ಜನ ಗುಣವಾದರೆ ಹೊಸದರಿಂದ 85 ಜನ. ಕಿಡ್ನಿಗೂ ಪೆಟ್ಟಿಲ್ಲ. ಅಲ್ಲಿಂದ ಮುಂದೆ ಸೆಫೊಟ್ಯಾಕ್ಸಿಮ್ ಮತ್ತು ಅದರ ತಮ್ಮ ಸೆಫ್ಟ್ರಿಯಾಕ್ಸೋನ್ ಈ ಕಾಯಿಲೆಗೆ ಕಣ್ಣು ಮುಚ್ಚಿ ಬರೆಯುವ ಔಷಧಗಳಾದವು. ವಿದೇಶದ ಪುಸ್ತಕಗಳಲ್ಲಿ, ಮನೆಯಿಂದ ನೇರವಾಗಿ ಬಂದ ರೋಗಿಗೆ, ಇಂದಿಗೂ ಮೊದಲ ಹೆಸರು ಅವುಗಳದ್ದೇ.

ನಮ್ಮಲ್ಲಿ ಕಣ್ಣು ಮುಚ್ಚಿ ಬರೆಯುವ ಕಾಲ ಹೋಯಿತು. ನಾಲ್ಕು ಖಂಡಗಳ 1,302 ಸಿರೋಸಿಸ್ ರೋಗಿಗಳ ಸೋಂಕನ್ನು ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ರೋಗಾಣು ಸಿಕ್ಕವರಲ್ಲಿ ಮೂರನೇ ಒಂದು ಭಾಗದಷ್ಟು ಜನರಲ್ಲಿ ಅದು ಹಲವು ಔಷಧಗಳಿಗೆ ಜಗ್ಗದ ಜಾತಿಯದು. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಭಾರತದ ಆಸ್ಪತ್ರೆಗಳು. ಸೆಫ್ಟ್ರಿಯಾಕ್ಸೋನನ್ನು ಕತ್ತರಿಸಿ ಹಾಕುವ ಇಎಸ್‌ಬಿಎಲ್ ಎಂಬ ಕಿಣ್ವವನ್ನು ಹೊತ್ತ ಇ. ಕೋಲೈ ಇವತ್ತು ನಮ್ಮ ಆಸ್ಪತ್ರೆಗಳಲ್ಲಿ ಅಪರೂಪದ ಅತಿಥಿಯಲ್ಲ, ಮನೆಯವನೇ ಆಗಿಹೋಗಿದ್ದಾನೆ.

ಹಾಗಾದರೆ ಈ ಯಜಮಾನರ ಹೊಟ್ಟೆಯಲ್ಲಿರುವುದು ಮಾತು ಕೇಳುವ ರೋಗಾಣುವೋ, ಕೇಳದ್ದೋ? ಅದು ನನಗೆ ಗೊತ್ತಾದದ್ದು ಯಾವ ಯಂತ್ರದಿಂದಲೂ ಅಲ್ಲ. ಆ ತಾಯಿಯ ಕಂಕುಳಲ್ಲಿದ್ದ ಪ್ಲಾಸ್ಟಿಕ್ ಕವರಿನಿಂದ. ಜವಳಿ ಅಂಗಡಿಯ ಕವರು. ಅದರಲ್ಲಿ ಎರಡು ವರ್ಷದ ಚೀಟಿಗಳು, ಸ್ಕ್ಯಾನಿಂಗ್ ರಿಪೋರ್ಟು, ಔಷಧದ ಬಿಲ್ಲು, ಖಾಲಿ ಮಾತ್ರೆಯ ಹಾಳೆಗಳು ಕೂಡ. ಎಲ್ಲವನ್ನೂ ಮೇಜಿನ ಮೇಲೆ ಹರಡಿದೆ. ಹದಿನೆಂಟು ದಿನದ ಹಿಂದಿನ ಒಂದು ಬಿಲ್ಲು: ಕಾಲಿನ ಊತಕ್ಕೆಂದು ನಾಲ್ಕು ದಿನ ದಾಖಲಾಗಿದ್ದರು, ನಾಲ್ಕು ದಿನವೂ ಸೆಫ್ಟ್ರಿಯಾಕ್ಸೋನ್. ಅದಕ್ಕೂ ಮೊದಲು ಎರಡು ಸಲ ಭೇದಿಯಾದಾಗ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ನಾರ್‌ಫ್ಲಾಕ್ಸಸಿನ್ ಟಿನಿಡಜೋಲ್ ಮಾತ್ರೆ. ಶೀತ ಕೆಮ್ಮಿಗೆ ಸೆಫಿಕ್ಸಿಮ್.

ಆ ಬಿಲ್ಲುಗಳು ಸಿಗದೆ ಹೋಗಿದ್ದರೆ ನಾನೂ ಸೆಫ್ಟ್ರಿಯಾಕ್ಸೋನನ್ನೇ ಬರೆಯುತ್ತಿದ್ದೆನೇನೋ. ಈಗ ಅದು ಹೊಂದುವ ಮಾತೇ ಇಲ್ಲ. ಕಳೆದ ಮೂರು ತಿಂಗಳಲ್ಲಿ ಆಸ್ಪತ್ರೆಯ ಮಂಚ ಕಂಡವರು, ಅದೇ ಗುಂಪಿನ ಔಷಧ ತಿಂದವರು ಎಂದರೆ ಅವರ ಕರುಳಿನಲ್ಲಿ ಉಳಿದಿರುವುದು ಆ ಔಷಧಕ್ಕೆ ಸಾಯದೆ ಉಳಿದ ರೋಗಾಣುವೇ. ಇಂಥವರಿಗೆ ಪಿಪರಾಸಿಲಿನ್ ಟಾಜೊಬ್ಯಾಕ್ಟಮ್, ಇಲ್ಲವೇ ಮೆರೊಪೆನೆಮ್. ಕೆಲವರಿಗೆ ಅದರ ಜೊತೆ ಇನ್ನೊಂದು. ಇಟಲಿಯ ಪಡುವಾ ನಗರದ ವೈದ್ಯರು, ಆಸ್ಪತ್ರೆಯಲ್ಲಿದ್ದಾಗಲೇ ಹೊಟ್ಟೆಯ ನೀರು ನಂಜಾದ ಒಂದು ಸಣ್ಣ ಗುಂಪಿನ ರೋಗಿಗಳಿಗೆ ಮೆರೊಪೆನೆಮ್ ಮತ್ತು ಡ್ಯಾಪ್ಟೊಮೈಸಿನ್ ಕೊಟ್ಟಾಗ ನೂರಕ್ಕೆ 87ರಷ್ಟು ಗುಣವಾಯಿತು, ಹಳೆಯ ಕ್ರಮದ ಸೆಫ್ಟಜಿಡಿಮ್ ಕೊಟ್ಟವರಲ್ಲಿ ಬರೀ 25. ನಾನು ಇವರಿಗೆ ಮೆರೊಪೆನೆಮ್ ಬರೆದೆ.

ದೊಡ್ಡ ಔಷಧವೇ ಒಳ್ಳೆಯದಾದರೆ ಎಲ್ಲರಿಗೂ ಅದನ್ನೇ ಮೊದಲು ಕೊಡಬಾರದೇ ಎಂದು ನೀವು ಕೇಳಬಹುದು. ಕೊಡಬಾರದು. ಮೆರೊಪೆನೆಮ್ಮನ್ನೂ ಮುರಿಯುವ ಕಿಣ್ವ ಆಗಲೇ ಹುಟ್ಟಿದೆ. 2009ರಲ್ಲಿ ವರದಿಯಾದ ಅದರ ಹೆಸರಿನಲ್ಲೇ ನಮ್ಮ ದೆಹಲಿಯ ಹೆಸರಿದೆ, ಎನ್‌ಡಿಎಂ ಎಂದು. ಅದು ಬಂದವರಿಗೆ ಉಳಿಯುವ ದಾರಿಗಳು ಬಹಳ ಕಿರಿದು, ಕಿಡ್ನಿಗೆ ಭಾರವಾದವು. ಈಚೆಗೆ ಆಸ್ಪತ್ರೆಗೆ ಹೋಗಿರದ, ಆಂಟಿಬಯಾಟಿಕ್ ತಿಂದಿರದ ರೋಗಿಗೆ, ಆ ಊರಿನ ರೋಗಾಣುಗಳ ಲೆಕ್ಕ ಒಪ್ಪುವುದಾದರೆ, ಸೆಫ್ಟ್ರಿಯಾಕ್ಸೋನ್ ಈಗಲೂ ನ್ಯಾಯವಾದ ಔಷಧ. ಮೆರೊಪೆನೆಮ್ ಶುರುಮಾಡಿದವರಿಗೂ ಕಲ್ಚರ್ ರಿಪೋರ್ಟಿನಲ್ಲಿ ಸಾದಾ ಔಷಧ ಸಾಕು ಎಂದು ಬಂದರೆ ಅವತ್ತೇ ಇಳಿಸಬೇಕು. ದಿನಗಳೂ ಅಷ್ಟೇ. 1991ರಲ್ಲಿ ರನ್ಯನ್ ಅವರೇ ತೋರಿಸಿದರು: ಹತ್ತು ದಿನ ಕೊಟ್ಟವರಿಗೂ ಐದು ದಿನ ಕೊಟ್ಟವರಿಗೂ ಫಲದಲ್ಲಿ ಅಂತರವಿರಲಿಲ್ಲ.

ಮೊದಲ ಡೋಸಿನ ಬಗ್ಗೆ ಒಂದು ಮಾತು. ಲಿವರ್ ರೋಗಿ ಎಂದು ಕನಿಕರದಿಂದ ಅರ್ಧ ಡೋಸು ಕೊಡುವುದು ದೊಡ್ಡ ತಪ್ಪು. ಈ ಔಷಧಗಳು ನೀರಿನಲ್ಲಿ ಕರಗುವವು, ಇವರ ಹೊಟ್ಟೆಯಲ್ಲಿ ಐದೋ ಎಂಟೋ ಲೀಟರ್ ಹೆಚ್ಚುವರಿ ನೀರಿದೆ. ಕೊಡಕ್ಕೆ ಹಾಕುವ ಉಪ್ಪನ್ನು ಹಂಡೆಗೆ ಹಾಕಿದರೆ ರುಚಿ ಹತ್ತುತ್ತದೆಯೇ? ಮೊದಲ ಡೋಸು ಪೂರ್ತಿಯಾಗಿಯೇ ಹೋಗಬೇಕು. ತಗ್ಗಿಸುವ ಲೆಕ್ಕವೇನಿದ್ದರೂ ಆಮೇಲೆ, ಅದೂ ಕಿಡ್ನಿ ನೋಡಿ.

ಕಿಡ್ನಿ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಹೊಟ್ಟೆಯ ನೀರು ನಂಜಾದವರನ್ನು ಎಷ್ಟೋ ಸಲ ಕೊಂಡೊಯ್ಯುವುದು ಆ ನಂಜಲ್ಲ, ಅದರ ಬೆನ್ನಿಗೆ ಸೋಲುವ ಕಿಡ್ನಿ. ಸಿರೋಸಿಸ್‌ನಲ್ಲಿ ರಕ್ತನಾಳಗಳು ಸಡಿಲವಾಗಿರುತ್ತವೆ, ಕಿಡ್ನಿಗೆ ಹೋಗುವ ರಕ್ತ ಮೊದಲೇ ಕಡಿಮೆ. ಅದು ಕೂದಲೆಳೆಯ ಮೇಲೆ ನಿಂತಿರುತ್ತದೆ. ಕೆಲವು ವರ್ಷಗಳ ಹಿಂದೆ ಒಬ್ಬ ಹೆಂಗಸನ್ನು ಕರೆತಂದಿದ್ದರು. ಊರಿನಲ್ಲಿ ಮೂತ್ರದ ಸೋಂಕಿಗೆ ಐದು ದಿನ ಜೆಂಟಾಮೈಸಿನ್ ಚುಚ್ಚಿಸಿಕೊಂಡಿದ್ದರು, ಮೈಕೈ ನೋವಿಗೆ ಡೈಕ್ಲೊಫೆನಾಕ್ ಕೂಡ. ಕೊಟ್ಟವರು ಕೆಟ್ಟವರಲ್ಲ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಆಕೆಯ ರಿಪೋರ್ಟಿನಲ್ಲಿ 1 ಇತ್ತು, ನಾರ್ಮಲ್ ಎಂದುಕೊಂಡರು. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಉಬ್ಬಿದ ಸಿರೋಸಿಸ್ ರೋಗಿಯಲ್ಲಿ ಮಾಂಸಖಂಡವೆಲ್ಲಿದೆ? ಅವರಿಗೆ 1 ಎಂದರೆ ಕಿಡ್ನಿ ಅರ್ಧ ಸೋತಿರಬಹುದು. ಆ ಹೆಂಗಸಿಗೆ ಮೂತ್ರ ನಿಂತುಹೋಗಿತ್ತು. ಅವರನ್ನು ಉಳಿಸಿಕೊಳ್ಳಲು ನಮ್ಮಿಂದ ಆಗಲಿಲ್ಲ. ಜೆಂಟಾಮೈಸಿನ್, ಅಮಿಕಾಸಿನ್, ಟೋಬ್ರಾಮೈಸಿನ್ ಈ ಮೂರು ಹೆಸರುಗಳನ್ನು ಸಿರೋಸಿಸ್ ಇರುವ ಮನೆಯವರು ನೆನಪಿಟ್ಟುಕೊಂಡು, ಚುಚ್ಚುವ ಮೊದಲು ಒಂದು ಮಾತು ಕೇಳಿ ಎಂದು ನಾನು ಅಂದಿನಿಂದ ಹೇಳುತ್ತಾ ಬಂದಿದ್ದೇನೆ. ಬೇರೆ ದಾರಿಯೇ ಇಲ್ಲದಾಗ ಅವು ಬೇಕಾಗುವುದುಂಟು, ಆದರೆ ಅದು ದೊಡ್ಡ ಆಸ್ಪತ್ರೆಯಲ್ಲಿ, ಲೆಕ್ಕ ಇಟ್ಟುಕೊಂಡು. ನೋವಿಗೂ ಜ್ವರಕ್ಕೂ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಲಿವರಿಗೆ ಆಗದು ಎಂದು ಎಲ್ಲರೂ ಹೆದರುವ ಪ್ಯಾರಾಸಿಟಮಾಲೇ, ದಿನಕ್ಕೆ ಎರಡು ಗ್ರಾಂ ಮೀರದ ಹಾಗೆ ವೈದ್ಯರು ಹೇಳಿದಷ್ಟು ತೆಗೆದುಕೊಂಡರೆ, ಇವಕ್ಕಿಂತ ಎಷ್ಟೋ ವಾಸಿ.

ಕಿಡ್ನಿಯನ್ನು ಕಾಯುವ ಒಂದು ಉಪಾಯವಿದೆ, ಅದು ಆಂಟಿಬಯಾಟಿಕ್ ಅಲ್ಲ. ಆಲ್ಬುಮಿನ್, ರಕ್ತದಲ್ಲಿರುವ ಒಂದು ಪ್ರೋಟೀನು. 1999ರಲ್ಲಿ ಸ್ಪೇನಿನ ವೈದ್ಯರು 126 ರೋಗಿಗಳಲ್ಲಿ ಅರ್ಧ ಜನರಿಗೆ ಸೆಫೊಟ್ಯಾಕ್ಸಿಮ್ ಮಾತ್ರ, ಉಳಿದವರಿಗೆ ಅದರ ಜೊತೆ ಆಲ್ಬುಮಿನ್ ಕೊಟ್ಟರು. ಬರೀ ಆಂಟಿಬಯಾಟಿಕ್ ಕೊಟ್ಟವರಲ್ಲಿ ನೂರಕ್ಕೆ 33 ಜನರ ಕಿಡ್ನಿ ಸೋತಿತು, ಆಲ್ಬುಮಿನ್ ಕೊಟ್ಟವರಲ್ಲಿ 10. ಆಸ್ಪತ್ರೆಯಲ್ಲಿ ಆದ ಸಾವು ನೂರಕ್ಕೆ 29ರಿಂದ 10ಕ್ಕೆ ಇಳಿಯಿತು. ಮೊದಲ ದಿನ ಮೈತೂಕದ ಒಂದೊಂದು ಕಿಲೋಗೆ ಒಂದೂವರೆ ಗ್ರಾಂ, ಮೂರನೆಯ ದಿನ ಒಂದು ಗ್ರಾಂ. ಅರವತ್ತು ಕಿಲೋ ತೂಗುವವರಿಗೆ ಮೊದಲ ದಿನ ತೊಂಬತ್ತು ಗ್ರಾಂ. ಮಾಮೂಲಿ ಬಾಟಲಿಯೊಂದರಲ್ಲಿ ಇರುವುದು ಇಪ್ಪತ್ತು ಗ್ರಾಂ, ಬೆಲೆ ಸಾವಿರಾರು ರೂಪಾಯಿ. ನಾಲ್ಕೂವರೆ ಬಾಟಲಿ, ಮೂರನೆಯ ದಿನಕ್ಕೆ ಮತ್ತೆ ಮೂರು. ಈ ಲೆಕ್ಕವನ್ನು ಮನೆಯವರ ಮುಂದಿಡುವ ಹೊತ್ತಿನಲ್ಲಿ ನನ್ನ ಬಾಯಿ ಒಣಗುತ್ತದೆ. ಆದರೂ ಮುಚ್ಚಿಡದೆ ಹೇಳುತ್ತೇನೆ. ದುಬಾರಿ ಆಂಟಿಬಯಾಟಿಕ್ಕಿಗೆ ಸಾಲ ಮಾಡಿ, ಆಲ್ಬುಮಿನ್ ಬಿಟ್ಟುಬಿಡುವುದು ಇಲ್ಲಿ ಸಲ್ಲದ ಉಳಿತಾಯ.

ಕೊನೆಯ ಸರದಿ ಲಿವರಿನದು ಎಂದೆ. ಸೆಫ್ಟ್ರಿಯಾಕ್ಸೋನ್, ಪಿಪರಾಸಿಲಿನ್, ಮೆರೊಪೆನೆಮ್ ಇವುಗಳಿಂದ ಕೆಟ್ಟ ಲಿವರ್ ಇನ್ನಷ್ಟು ಕೆಡುವುದು ಅಪರೂಪ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳಲು ಒಂದು ಅಂಕಿ ಇದೆ, ಅದನ್ನು ನೋಡಿ ಡೋಸು ಇಳಿಸುತ್ತೇವೆ; ಲಿವರಿಗೆ ಅಂಥ ಒಂದೇ ಅಂಕಿ ಇಲ್ಲ. ಹಾಗಾಗಿ ಔಷಧವನ್ನೇ ನೋಡಿ ಆರಿಸಬೇಕಾಗುತ್ತದೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನಿಕ್ ಆಮ್ಲ ಸೇರಿದ ಮಾತ್ರೆ ಗಂಟಲು ನೋವಿಗೂ ಹಲ್ಲು ನೋವಿಗೂ ಬೀದಿಬೀದಿಯಲ್ಲಿ ಸಿಗುತ್ತದಲ್ಲ, ಪಾಶ್ಚಾತ್ಯ ದೇಶಗಳಲ್ಲಿ ಔಷಧದಿಂದ ಬರುವ ಕಾಮಾಲೆಗೆ ಮೊದಲ ಕಾರಣ ಅದೇ. ನಮ್ಮ ದೇಶದಲ್ಲಿ ಮೊದಲ ಕಾರಣ ಕ್ಷಯದ ಔಷಧಗಳು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿ ಅವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧದಿಂದ ಲಿವರ್ ಕೆಟ್ಟು ಬಂದ 313 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕ್ಷಯಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರು. ಹೊಟ್ಟೆಯಲ್ಲಿ ನೀರು ಕಂಡ ಕೂಡಲೇ ಟಿಬಿ ಇರಬಹುದು ಎಂದು ಊಹೆಯ ಮೇಲೆ ಆರು ತಿಂಗಳ ಮಾತ್ರೆ ಬರೆಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಸಿರೋಸಿಸ್ ಇದ್ದು ನಿಜವಾಗಿಯೂ ಕ್ಷಯ ಬಂದವರಿಗೆ ಪೈರಾಜಿನಮೈಡ್ ಬಿಟ್ಟು, ಲಿವರಿಗೆ ಹಗುರವಾದ ಎಥಾಂಬುಟಾಲ್, ಲಿವೊಫ್ಲಾಕ್ಸಸಿನ್‌ಗಳನ್ನು ಸೇರಿಸಿ ಬೇರೆಯೇ ಹೊಂದಾಣಿಕೆ ಮಾಡಬೇಕಾಗುತ್ತದೆ. ಇಲ್ಲಿ ಮಾತ್ರ ಆ ತಾಯಿ ಕೇಳಿದ ಪ್ರಶ್ನೆ ಮೊದಲ ಸಾಲಿಗೇ ಬರುತ್ತದೆ.

ನಂಜು ಬರುವ ಮೊದಲೇ ಆಂಟಿಬಯಾಟಿಕ್ ಕೊಡುವ ಸಂದರ್ಭಗಳೂ ಇವೆ. ಸಿರೋಸಿಸ್ ಇದ್ದವರು ರಕ್ತವಾಂತಿ ಮಾಡಿಕೊಂಡು ಬಂದಾಗ ರಕ್ತ ಏರಿಸುವುದರ ಜೊತೆಗೇ ಸೆಫ್ಟ್ರಿಯಾಕ್ಸೋನ್ ಶುರುಮಾಡುತ್ತೇವೆ. ರಕ್ತವಾಂತಿಗೆ ನಂಜಿನ ಔಷಧ ಏಕೆಂದು ಮನೆಯವರು ತಬ್ಬಿಬ್ಬಾಗುತ್ತಾರೆ. ರಕ್ತ ಹರಿಯುವ ಹೊತ್ತಿನಲ್ಲಿ ಕರುಳಿನ ಕಾವಲು ಇನ್ನೂ ಸಡಿಲವಾಗುತ್ತದೆ. ಔಷಧ ಕೊಟ್ಟವರಲ್ಲಿ ಸೋಂಕೂ ಕಡಿಮೆ, ಮತ್ತೆ ರಕ್ತ ಒಸರುವುದೂ ಕಡಿಮೆ, ಸಾವೂ ಕಡಿಮೆ. ಹಾಗೆಯೇ ಒಮ್ಮೆ ಹೊಟ್ಟೆಯ ನೀರು ನಂಜಾಗಿ ಬದುಕಿದವರಿಗೆ ದಿನಾ ಒಂದು ನಾರ್‌ಫ್ಲಾಕ್ಸಸಿನ್. 1990ರ ಸ್ಪೇನಿನ ಅಧ್ಯಯನದಲ್ಲಿ, ವರ್ಷದೊಳಗೆ ನಂಜು ಮರುಕಳಿಸಿದ್ದು ಮಾತ್ರೆ ಇಲ್ಲದವರಲ್ಲಿ ನೂರಕ್ಕೆ 68 ಜನರಿಗೆ, ಇದ್ದವರಲ್ಲಿ 20 ಜನರಿಗೆ. ಆ ಮಾತ್ರೆಯ ಬಲ ಈಗ ಕುಂದಿದೆ, ರೋಗಾಣು ಅದಕ್ಕೂ ಒಗ್ಗಿಕೊಂಡಿದೆ. ಭೇದಿಗೆಂದು ಅಂಗಡಿಯಿಂದ ನಾವು ತಂದು ನುಂಗಿದ ಪ್ರತಿಯೊಂದು ಮಾತ್ರೆಯೂ ಅದನ್ನು ಒಗ್ಗಿಸಿದೆ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್ ಎಲ್ಲವೂ 2014ರ ಮಾರ್ಚಿನಿಂದ ಶೆಡ್ಯೂಲ್ ಎಚ್1ರ ಪಟ್ಟಿಯಲ್ಲಿವೆ; ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಇನ್ನು ನಮ್ಮವರ ನಿತ್ಯದ ಗ್ಯಾಸ್ಟ್ರಿಕ್ ಮಾತ್ರೆ. ಹೊಟ್ಟೆಯ ಆಮ್ಲ ರೋಗಾಣುಗಳಿಗೆ ಒಂದು ತಡೆಗೋಡೆ. ಅಗತ್ಯವಿಲ್ಲದೆ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುವ ಸಿರೋಸಿಸ್ ರೋಗಿಗಳಲ್ಲಿ ಈ ನಂಜು ಹೆಚ್ಚು ಎಂದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ನಿಮ್ಮ ವೈದ್ಯರನ್ನು ಕೇಳಿ, ಇದು ಇನ್ನೂ ಬೇಕೇ ಎಂದು.

ಕರಾವಳಿಯ ಕೇಳುಗರಿಗೆ ಒಂದೇ ಮಾತು. ಮರುವಾಯಿ, ಕಲ್ಗ ಮೊದಲಾದ ಚಿಪ್ಪಿನ ಜೀವಿಗಳನ್ನು ಸಿರೋಸಿಸ್ ಇದ್ದವರು ಚೆನ್ನಾಗಿ ಬೇಯಿಸದೆ ತಿನ್ನಬಾರದು, ಗಾಯವಾದ ಕಾಲಿನಲ್ಲಿ ಉಪ್ಪುನೀರಿಗೆ ಇಳಿಯಬಾರದು. ಬೆಚ್ಚಗಿನ ಸಮುದ್ರದ ನೀರಿನಲ್ಲಿರುವ ವಿಬ್ರಿಯೋ ಎಂಬ ರೋಗಾಣು ಇವರಲ್ಲಿ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಎರವಾಗಬಲ್ಲದು. ಅದಕ್ಕೆ ಬೇಕಾದದ್ದು ಡಾಕ್ಸಿಸೈಕ್ಲಿನ್ ಸೇರಿದ ಬೇರೆ ಜೋಡಿ. ಸಮುದ್ರಕ್ಕೆ ಇಳಿದಿದ್ದೆ ಎಂದು ನೀವು ಹೇಳದಿದ್ದರೆ ವೈದ್ಯರಿಗೆ ಅದು ಹೊಳೆಯಲಾರದು.

ನಮ್ಮ ಯಜಮಾನರಿಗೆ ಮೆರೊಪೆನೆಮ್ಮಿನ ಮೊದಲ ಡೋಸು ಬಂದ ಒಂದು ತಾಸಿನೊಳಗೆ ಹೋಯಿತು. ಆಲ್ಬುಮಿನ್‌ಗೆ ಅವರ ಭಾವ ಸೊಸೈಟಿಯಿಂದ ಹಣ ತಂದರು. ನಲವತ್ತೆಂಟು ಗಂಟೆಯ ಮೇಲೆ ಮತ್ತೊಮ್ಮೆ ಹೊಟ್ಟೆಯ ನೀರು ತೆಗೆದೆವು. ಈ ಎರಡನೇ ಸೂಜಿ ಬಹಳ ಮುಖ್ಯ; ಕಣಗಳ ಲೆಕ್ಕ ಕಾಲುಭಾಗವಾದರೂ ಇಳಿಯದಿದ್ದರೆ ಆರಿಸಿದ ಔಷಧ ತಪ್ಪಿದೆ ಎಂದರ್ಥ. 1,100 ಇದ್ದದ್ದು 180ಕ್ಕೆ ಬಂದಿತ್ತು. ಅದೇ ಸಂಜೆ ಕಲ್ಚರ್ ರಿಪೋರ್ಟ್ ಬಂತು: ಇ. ಕೋಲೈ, ಇಎಸ್‌ಬಿಎಲ್ ಹೊತ್ತದ್ದು. ಸೆಫ್ಟ್ರಿಯಾಕ್ಸೋನಿಗೂ ನಾರ್‌ಫ್ಲಾಕ್ಸಸಿನಿಗೂ ಜಗ್ಗದ್ದು, ಮೆರೊಪೆನೆಮ್ಮಿಗೆ ಬಗ್ಗುವಂಥದ್ದು. ನಾಲ್ಕನೆಯ ದಿನ ಬೆಳಿಗ್ಗೆ ರೌಂಡ್ಸಿಗೆ ಹೋದಾಗ ಅವರು ಗಂಜಿಯ ಲೋಟ ಹಿಡಿದುಕೊಂಡು, ತೋಟಕ್ಕೆ ಔಷಧಿ ಹೊಡೆಯುವ ಆಳು ಬಂದನೇ ಎಂದು ಹೆಂಡತಿಯನ್ನು ವಿಚಾರಿಸುತ್ತಿದ್ದರು. ಒಂದೇ ಸಲ ಕೇಳಿದರು.

ಮನೆಗೆ ಕಳಿಸುವ ದಿನ ಲಿವರ್ ಕಸಿಯ ಬಗ್ಗೆ ಮಾತಾಡಿದೆ. ಈ ನಂಜು ಒಮ್ಮೆ ಬಂದವರಿಗೆ ಮುಂದಿನ ದಾರಿ ಅದೇ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕಾಗುತ್ತದೆ. ನಮ್ಮ ರಾಜ್ಯದಲ್ಲಿ ಮಿದುಳು ಸಾವಿನ ನಂತರ ದಾನವಾಗಿ ಬರುವ ಅಂಗಗಳನ್ನು ಹಂಚುವ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಗೆ, ಕಸಿ ಮಾಡುವ ಆಸ್ಪತ್ರೆಯ ಮೂಲಕ ಹೆಸರು ಹಚ್ಚುವುದು ಹೇಗೆಂದು ಚೀಟಿ ಬರೆದುಕೊಟ್ಟೆ. ಆ ತಾಯಿ ಎಲ್ಲ ಕಾಗದಗಳನ್ನೂ ಅದೇ ಜವಳಿ ಅಂಗಡಿಯ ಕವರಿಗೆ ಹಾಕುತ್ತಿದ್ದರು. ಕವರನ್ನು ಕೇಳಿ ತೆಗೆದುಕೊಂಡು, ಅದರ ಮೇಲೆ ಒಂದು ಬಿಳಿ ಕಾಗದ ಅಂಟಿಸಿ, ದಪ್ಪ ಪೆನ್ನಿನಿಂದ ಕನ್ನಡದಲ್ಲೇ ಬರೆದೆ: ಹೊಟ್ಟೆಯ ನೀರಿನ ಕಲ್ಚರ್, ತಾರೀಖು, ಸೆಫ್ಟ್ರಿಯಾಕ್ಸೋನ್ ಹಿಡಿಯುವುದಿಲ್ಲ, ಮೆರೊಪೆನೆಮ್ ಹಿಡಿಯಿತು, ಜೆಂಟಾಮೈಸಿನ್ ಬೇಡ. ಅವರು ಬೆರಳಿಟ್ಟು ಒಂದೊಂದಾಗಿ ಓದಿದರು. ಓದಿ, ಇದು ನಮಗೋ ಮುಂದಿನ ಡಾಕ್ಟರಿಗೋ ಎಂದು ಕೇಳಿದರು. ಇಬ್ಬರಿಗೂ ಎಂದೆ. ಅವರು ಕವರನ್ನು ಕಂಕುಳಿಗೆ ಸೇರಿಸಿ, ಇನ್ನೊಂದು ಕೈಯಲ್ಲಿ ಗಂಡನ ತೋಳು ಹಿಡಿದುಕೊಂಡು, ಆಟೋ ಕರೆಯಲು ಗೇಟಿನ ಕಡೆ ನಡೆದರು.